ಮೆಡಿಕಲ್ ಬೋರ್ಡ್ 20 ಪರ್ಸೆಂಟ್ ಅಂದುಬಿಟ್ಟರೆ ಅಲ್ಲಿಗೇ ಮುಗೀತಾ?

ಲೇತ್ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವನ ವಿಷಯ. ವಯಸ್ಸು 35. ಟೂಲ್ ಸೆಟ್ಟರ್ ಕೆಲಸ. 2024ರಲ್ಲಿ ಪವರ್ ಪ್ರೆಸ್‌ಗೆ ಬಲಗೈ ಸಿಕ್ಕಿತು. ತೋರುಬೆರಳು, ನಡುಬೆರಳು ಬುಡದವರೆಗೂ ಹೋದವು. ಉಂಗುರದ ಬೆರಳು ಉಳಿದಿದೆ, ಆದರೆ ಮಡಚೋಕೆ ಆಗಲ್ಲ. ಸ್ಪ್ಯಾನರ್ ಹಿಡಿದರೆ ಜಾರುತ್ತೆ. ಈಗ ಸ್ಟೋರ್‌ನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸ ಕೊಟ್ಟಿದ್ದಾರೆ. ಓವರ್‌ಟೈಮ್ ಇಲ್ಲ.

ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇತ್ತು. ಮೆಡಿಕಲ್ ಬೋರ್ಡ್ ಮುಂದೆ ಹೋಗಿ ಬಂದರು. ಹೋದ ತಿಂಗಳು ಕಾಗದ ಬಂತು. 'ಎರಡು ಬೆರಳು ನಷ್ಟ, ಗಳಿಕೆ ಶಕ್ತಿಯ ನಷ್ಟ 20 ಪರ್ಸೆಂಟ್' ಅಂತ ಒಂದೇ ಸಾಲು. ಮೂರನೇ ಬೆರಳಿನ ಬಗ್ಗೆ ಒಂದು ಅಕ್ಷರ ಇಲ್ಲ. ಯಾವ ಊರಿನ ಬೋರ್ಡ್, ಯಾವ ಕಾರ್ಖಾನೆ ಅಂತ ಇಲ್ಲಿ ಬರೆಯಲ್ಲ, ಭಾವ ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ.

ಒಬ್ಬರು ಹೈಕೋರ್ಟಿಗೆ ರಿಟ್ ಹಾಕಿ ಅಂತಾರೆ. ಇನ್ನೊಬ್ಬರು, ಡಾಕ್ಟರುಗಳು ಕೂತು ಹೇಳಿದ್ದನ್ನು ಯಾವ ಜಡ್ಜೂ ಮುಟ್ಟಲ್ಲ ಬಿಡಿ ಅಂತಾರೆ. ಯಾವುದು ನಿಜ?

ಕೋರ್ಟ್ ಹಾಲ್ ಐದು

ಎರಡೂ ಅಲ್ಲ. ವಕೀಲನಾಗಿ ಹೇಳ್ತೀನಿ, ರಿಟ್ ಹಾಕೋಕೆ ಈಗಲೇ ಓಡಬೇಡಿ.

ಇಎಸ್‌ಐ ಕಾಯ್ದೆ 1948ರ ಸೆಕ್ಷನ್ 54ಎ ಓದಿ. ಬೋರ್ಡ್ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ ಎರಡು ದಾರಿ ಇವೆ. ಒಂದು, ಮೆಡಿಕಲ್ ಅಪೀಲ್ ಟ್ರಿಬ್ಯುನಲ್. ಅಲ್ಲೂ ಸೋತರೆ ಎಂಪ್ಲಾಯೀಸ್ ಇನ್ಶೂರೆನ್ಸ್ ಕೋರ್ಟ್, ಅಂದರೆ ಎಲ್ಲರೂ ಇಎಸ್‌ಐ ಕೋರ್ಟ್ ಅನ್ನೋದು. ಎರಡನೇ ದಾರಿ, ಟ್ರಿಬ್ಯುನಲ್ ಬಿಟ್ಟು ನೇರವಾಗಿ ಅದೇ ಕೋರ್ಟಿಗೆ ಅಪೀಲು. ಕಾಗದ ಕೈಗೆ ಬಂದ ದಿನದಿಂದ ಮೂರು ತಿಂಗಳು ಟೈಮ್. ನಿಮಗೆ ಹೋದ ತಿಂಗಳು ಬಂದಿದೆ ಅಂದರೆ ಇನ್ನೂ ಟೈಮ್ ಇದೆ. ಆ ಲಕೋಟೆ ಬಿಸಾಡಬೇಡಿ, ಪೋಸ್ಟ್ ಮೊಹರು ಬೇಕಾಗುತ್ತೆ.

ಇಷ್ಟು ಸಲೀಸಾದ ದಾರಿ ಇರುವಾಗ ಸಂವಿಧಾನದ ಆರ್ಟಿಕಲ್ 226ರಲ್ಲಿ ರಿಟ್ ಹಾಕಿದರೆ ಹೈಕೋರ್ಟ್ ಕೇಳುವ ಮೊದಲ ಪ್ರಶ್ನೆ, 'ಅಲ್ಲಿಗೆ ಯಾಕೆ ಹೋಗಲಿಲ್ಲ?' ಇದಕ್ಕೆ ವಿನಾಯಿತಿ ಇಲ್ಲ ಅಂತಲ್ಲ. 1998ರ ವರ್ಲ್‌ಪೂಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪಟ್ಟಿಯನ್ನೇ ಕೊಟ್ಟಿದೆ. ಸಹಜ ನ್ಯಾಯಕ್ಕೆ ಪೆಟ್ಟು ಬಿದ್ದಿದ್ದರೆ (ಅಂದರೆ ನಿಮ್ಮ ಮಾತು ಕೇಳದೇ ತೀರ್ಮಾನ ಮಾಡಿದ್ದರೆ), ಅಧಿಕಾರವೇ ಇಲ್ಲದವರು ತೀರ್ಮಾನ ಮಾಡಿದ್ದರೆ, ಹೀಗೆ. ನಿಮ್ಮದು ಅಲ್ಲಿಗೆ ಬರಲ್ಲ. ಬೋರ್ಡಿಗೆ ಅಧಿಕಾರ ಇತ್ತು, ಭಾವನನ್ನು ಕರೆಸಿ ನೋಡಿದ್ದಾರೆ. ಒಂದು ಬೆರಳು ಬಿಟ್ಟುಹೋಗಿದೆ, ಕಾರಣ ಬರೆದಿಲ್ಲ. ಅದನ್ನೆಲ್ಲ ಅಪೀಲಿನಲ್ಲೇ ಹೇಳಬಹುದು.

ಇನ್ನೊಂದು ಮಾತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದಿದೆ. ನಾನು ಹೇಳ್ತಿರೋದು ಹಳೇ ಕಾಯ್ದೆಯ ನಂಬರ್‌ಗಳು. ನಿಮ್ಮ ಅಪಘಾತ 2024ರದ್ದು. ಆದರೂ ಅರ್ಜಿಯ ಮೇಲೆ ಯಾವ ಸೆಕ್ಷನ್ ಬರೀಬೇಕು ಅಂತ ಹಾಕುವ ದಿನ ನಿಮ್ಮ ವಕೀಲರ ಹತ್ತಿರ ಒಮ್ಮೆ ಕೇಳಿಬಿಡಿ.

ಸುಮ್ನೆ ಓದುಗ

ನನ್ನ ಪ್ರಶ್ನೆ ಬೇರೆ. ಮೂರ್ನಾಲ್ಕು ಡಾಕ್ಟರುಗಳು ಕೈ ಮುಟ್ಟಿ ನೋಡಿ ಹೇಳಿದ್ದಾರೆ. ಕಾನೂನು ಓದಿದ ಜಡ್ಜ್ ಅದನ್ನು 20 ಅಲ್ಲ 30 ಅಂತ ಹೇಗೆ ಹೇಳ್ತಾರೆ? ಬೆರಳಿನ ವಿಷಯ ಡಾಕ್ಟರಿಗೆ ಬಿಡೋದೇ ಸರಿ ಅಲ್ವಾ?

ಮೂಳೆ ಡಾಕ್ಟರ್

ಬೋರ್ಡ್‌ನಲ್ಲಿ ಕೂತು ಎದ್ದವನು ನಾನು, ಆದ್ದರಿಂದ ಸ್ವಲ್ಪ ಒಳಗಿನ ವಿಷಯ ಹೇಳ್ತೀನಿ.

ಬೆರಳು ಎಷ್ಟು ಡಿಗ್ರಿ ಮಡಚುತ್ತೆ ಅನ್ನೋದು ನಮ್ಮ ವಿಷಯ, ಒಪ್ಪಿದೆ. ಆದರೆ ಬೋರ್ಡಿಗೆ ಕೇಳುವ ಪ್ರಶ್ನೆ ಅದಲ್ಲ. ಗಳಿಸುವ ಶಕ್ತಿ ಎಷ್ಟು ಹೋಯಿತು ಅಂತ ಕೇಳ್ತಾರೆ. ಅದರಲ್ಲಿ ಅರ್ಧ ವೈದ್ಯಕೀಯ, ಅರ್ಧ ಬದುಕು. ಟೂಲ್ ಸೆಟ್ಟರ್ ಅಂದರೆ ಏನು ಮಾಡ್ತಾನೆ, ಯಾವ ಬೆರಳಿನ ಮೇಲೆ ಭಾರ ಬೀಳುತ್ತೆ ಅಂತ ಎಂಬಿಬಿಎಸ್‌ನಲ್ಲಿ ಯಾರೂ ಕಲಿಸಲ್ಲ.

ಇನ್ನು 20 ಎಲ್ಲಿಂದ ಬಂತು ಅಂದರೆ, ಅದು ಡಾಕ್ಟರ ತಲೆಯಿಂದ ಬಂದಿದ್ದಲ್ಲ. ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇದೆ. ಒಂದು ಕೈಯ ಎರಡು ಬೆರಳು ಹೋದರೆ 20. ಮೂರು ಹೋದರೆ 30. ನಾಲ್ಕು ಹೋದರೆ 50. ಹೆಬ್ಬೆರಳು ಒಂದೇ ಹೋದರೂ 30. ತೋರುಬೆರಳು ಪೂರ್ತಿ ಹೋದರೆ 14. ಬಲಗೈ, ಎಡಗೈ ಅಂತ ಭೇದ ಇಲ್ಲ, ಪಟ್ಟಿಯಲ್ಲೇ 'ಬಲ ಅಥವಾ ಎಡ' ಅಂತ ಇದೆ. ನನಗಂತೂ ಇದು ಯಾವತ್ತೂ ಸರಿ ಅನಿಸಿಲ್ಲ. ಬಲಗೈಯಲ್ಲಿ ಊಟ, ಬರಹ, ಸ್ಪ್ಯಾನರ್ ಎಲ್ಲ ಮಾಡುವವನಿಗೂ ಅದೇ ಲೆಕ್ಕ. ಆದರೆ ಬೋರ್ಡ್ ಅದನ್ನು ಬದಲಿಸೋ ಹಾಗಿಲ್ಲ.

ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ಮಾತ್ರ ನಾವು ನಿಜವಾಗಿ ತಲೆ ಓಡಿಸಬೇಕು. ಸೆಟೆದು ನಿಂತ ಉಂಗುರ ಬೆರಳು ಅಂಥದ್ದು. ಬೆರಳು ಇದೆ, ಕೆಲಸಕ್ಕೆ ಬರಲ್ಲ. ಅದಕ್ಕೆ ಬೇರೆ ಅಂಕಿ ಹಾಕಿ ಕೂಡಿಸಬೇಕಿತ್ತು. ಒಂದೇ ಅಪಘಾತದಲ್ಲಿ ಹಲವು ಗಾಯ ಆದರೆ ಕೂಡಿಸೋದೇ ನಿಯಮ, ಒಟ್ಟು 100 ದಾಟಬಾರದು ಅಷ್ಟೇ. ಎರಡು ಬೆರಳು ಎದ್ದು ಕಾಣುತ್ತೆ, ಪಟ್ಟಿ ಕೈಯಲ್ಲೇ ಇರುತ್ತೆ, 20 ಅಂತ ಬರೆದು ಮುಂದಿನವರನ್ನು ಕರೀತಾರೆ. ಕ್ಯೂ ಉದ್ದ ಇರೋ ದಿನ ಹೀಗಾಗುತ್ತೆ. ನೆಪ ಹೇಳ್ತಿಲ್ಲ, ಇರೋದನ್ನು ಹೇಳ್ತಿದ್ದೀನಿ.

ಕೋರ್ಟ್ ಹಾಲ್ ಐದು

ಡಾಕ್ಟ್ರು ನನ್ನ ಕೆಲಸ ಅರ್ಧ ಮುಗಿಸಿದರು. ಓದುಗರೇ, ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಜಡ್ಜ್ ಬೆರಳು ಅಳೆಯಲ್ಲ. ಬೋರ್ಡ್ ತನಗೆ ಕಾನೂನು ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿದೆಯಾ ಅಂತ ನೋಡ್ತಾರೆ. ಪೂರ್ತಿ ಉತ್ತರ ಒತ್ತಟ್ಟಿಗಿರಲಿ, ಇಲ್ಲಿ ಒಂದು ಗಾಯವನ್ನೇ ನೋಡಿಲ್ಲ.

ಇಎಸ್‌ಐ ಕೋರ್ಟಿಗೆ ಇದಕ್ಕಿಂತ ಜಾಸ್ತಿ ಅಧಿಕಾರ ಇದೆ. ಅದು ಅಪೀಲು ಕೇಳುವ ಕೋರ್ಟ್. ಸಾಕ್ಷಿ ಕರೆಸಬಹುದು, ಡಾಕ್ಟರನ್ನು ಪಾಟೀಸವಾಲು ಮಾಡಬಹುದು, ಅಂಕಿಯನ್ನೇ ಬದಲಿಸಬಹುದು. ಅಲ್ಲಿಂದ ಮೇಲೆ ಸೆಕ್ಷನ್ 82ರಲ್ಲಿ ಹೈಕೋರ್ಟಿಗೆ ಹೋದರೆ ಮಾತ್ರ ಬಾಗಿಲು ಸಣ್ಣದಾಗುತ್ತೆ. 60 ದಿನದೊಳಗೆ ಹೋಗಬೇಕು, ಅದೂ ಮಹತ್ವದ ಕಾನೂನು ಪ್ರಶ್ನೆ ಇದ್ದರೆ. 'ಪರ್ಸೆಂಟ್ ಕಡಿಮೆ ಆಯ್ತು ಸ್ವಾಮಿ' ಅಂದರೆ ಅಲ್ಲಿ ನಡೆಯಲ್ಲ.

1923ರ ನೌಕರರ ಪರಿಹಾರ ಕಾಯ್ದೆಯಲ್ಲೂ ಹೈಕೋರ್ಟ್ ಅಪೀಲಿಗೆ ಇದೇ ಅಳತೆ, ಸೆಕ್ಷನ್ 30. ಕರ್ನಾಟಕದ್ದೇ ಉದಾಹರಣೆ ಇದೆ. 2016ರ ಗೊಲ್ಲ ರಾಜಣ್ಣ ಕೇಸು. ಆ ಕಾಯ್ದೆಯಲ್ಲಿ ಪರಿಹಾರ ತೀರ್ಮಾನ ಮಾಡುವ ಕಮಿಷನರ್ ಹಾಕಿದ ಪರ್ಸೆಂಟನ್ನು ನಮ್ಮ ಹೈಕೋರ್ಟ್ ಮತ್ತೆ ಸಾಕ್ಷಿ ನೋಡಿ ಇಳಿಸಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಂಗತಿಗಳ ವಿಷಯದಲ್ಲಿ ಕಮಿಷನರ್ ಮಾತೇ ಕೊನೆ ಅಂತು. 2018ರಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಸಿನಲ್ಲೂ ಇದನ್ನೇ ಬಿಡಿಸಿ ಹೇಳಿದ್ದಾರೆ. ಈ ನಿಯಮ ಎರಡು ಕಡೆಗೂ ಕುಯ್ಯುತ್ತೆ. ಕೆಳಗಿನ ಕೋರ್ಟಿನಲ್ಲಿ ಗೆದ್ದರೆ ನಿಮಗೆ ರಕ್ಷೆ. ಅಲ್ಲಿ ಸಾಕ್ಷಿ ಸರಿಯಾಗಿ ಹಾಕದೆ ಸೋತರೆ ಮೇಲೆ ಯಾರೂ ಎತ್ತಲ್ಲ.

ಯಾರಾ ದಂಡೆ

ಮೆಲ್ಬರ್ನ್‌ನಿಂದ ಬರೀತಿದ್ದೀನಿ, ಊರು ಹಾಸನ. ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ಕೆಲಸ, ಒಬ್ಬರನ್ನು ಎತ್ತುವಾಗ ಸೊಂಟ ಹೋಯಿತು. ವಕೀಲರು ಹೇಳಿದ ಆ ಇಎಸ್‌ಐ ಕೋರ್ಟ್ ಅಪೀಲು ಓದಿ ನನಗೆ ಹೊಟ್ಟೆಕಿಚ್ಚೇ ಆಯಿತು. ಇಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಅದು ಇಲ್ಲ.

ಇಲ್ಲಿ ಮೊದಲ 13 ವಾರ ಹಳೇ ಸಂಬಳದ 95 ಪರ್ಸೆಂಟ್, ಆಮೇಲೆ 80. ಮಧ್ಯದಲ್ಲಿ ಇನ್ಶೂರೆನ್ಸ್‌ನವರು 'ನಿಮಗೆ ಹಗುರ ಕೆಲಸ ಮಾಡೋ ಶಕ್ತಿ ಇದೆ' ಅಂತ ದುಡ್ಡು ನಿಲ್ಲಿಸಿದರು. ವಿಷಯ ಮೆಡಿಕಲ್ ಪ್ಯಾನೆಲ್‌ಗೆ ಹೋಯಿತು. ಪ್ಯಾನೆಲ್ ಡಾಕ್ಟರುಗಳೇ ಮೈ ಪರೀಕ್ಷೆ ಮಾಡ್ತಾರೆ, ಕಾಗದ ಎಲ್ಲ ಓದ್ತಾರೆ, ಅಭಿಪ್ರಾಯ ಮತ್ತು ಕಾರಣ ಬರೆದು ಕಳಿಸ್ತಾರೆ. 2013ರ ಕಾಯ್ದೆಯ ಪ್ರಕಾರ ಆ ಅಭಿಪ್ರಾಯವೇ ಕೊನೆಯ ಮಾತು. ಕೋರ್ಟುಗಳೂ ಅದನ್ನು ಒಪ್ಪಲೇಬೇಕು. ಅಪೀಲು ಇಲ್ಲ.

ಉಳಿಯೋದು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಜುಡಿಶಿಯಲ್ ರಿವ್ಯೂ ಮಾತ್ರ. 60 ದಿನದೊಳಗೆ ಹಾಕಬೇಕು. (ಇಲ್ಲಿ ಸುಪ್ರೀಂ ಕೋರ್ಟ್ ಅಂದರೆ ರಾಜ್ಯದ್ದು, ಹೈಕೋರ್ಟ್ ಅಂದರೆ ಇಡೀ ದೇಶಕ್ಕೆ ದೊಡ್ಡದು. ನಮಗೆ ಉಲ್ಟಾ ಅನಿಸುತ್ತೆ.) ಪ್ಯಾನೆಲ್ ಹೇಳಿದ್ದು ತಪ್ಪು ಅಂತ ವಾದ ಮಾಡೋ ಹಾಗಿಲ್ಲ. ಕಾನೂನನ್ನು ತಪ್ಪಾಗಿ ಓದಿದ್ದಾರಾ, ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರಾ, ನನಗೆ ತೋರಿಸದ ಕಾಗದ ನೋಡಿ ನಿರ್ಧಾರ ಮಾಡಿದ್ದಾರಾ, ಅಷ್ಟೇ.

ಇಲ್ಲಿ ಎಲ್ಲ ವಕೀಲರೂ ಹೇಳೋದು ವಿಂಗ್‌ಫುಟ್ ಕೇಸು. 2013ರ ಅಕ್ಟೋಬರ್ 30ರ ಹೈಕೋರ್ಟ್ ತೀರ್ಪು. ಟೈರ್ ಕಂಪನಿಯ ಕೆಲಸಗಾರರೊಬ್ಬರ ಕುತ್ತಿಗೆ ನೋವಿನ ವಿಷಯ. ಕೆಳಗಿನ ಅಪೀಲ್ ಕೋರ್ಟು, ಪ್ಯಾನೆಲ್ ಜಡ್ಜ್ ತರಹ ವಿವರವಾಗಿ ಕಾರಣ ಕೊಡಬೇಕು, ಬೇರೆ ಡಾಕ್ಟರ ಅಭಿಪ್ರಾಯ ಯಾಕೆ ಒಪ್ಪಲಿಲ್ಲ ಅಂತಲೂ ಹೇಳಬೇಕು ಅಂದಿತ್ತು. ಹೈಕೋರ್ಟ್ ಬೇಡ ಅಂತು. ಪ್ಯಾನೆಲ್ ಎರಡು ಕಡೆಯವರ ವಾದ ಕೇಳಿ ತೀರ್ಪು ಕೊಡುವ ಪಂಚಾಯ್ತಿ ಅಲ್ಲ, ತನ್ನದೇ ಅಭಿಪ್ರಾಯ ಕೊಡುವ ಡಾಕ್ಟರುಗಳ ಗುಂಪು. ತಾನು ಆ ಅಭಿಪ್ರಾಯಕ್ಕೆ ಹೇಗೆ ಬಂದೆ ಅನ್ನೋ ದಾರಿಯನ್ನು, ಕಾನೂನು ತಪ್ಪಿದೆಯಾ ಅಂತ ಕೋರ್ಟ್ ನೋಡೋಕೆ ಆಗುವಷ್ಟು, ಬರೆದರೆ ಸಾಕು. ಬರದೇ ಇರೋ ಅಭಿಪ್ರಾಯಕ್ಕೆ ಕಾರಣ ಕೊಡಬೇಕಿಲ್ಲ.

ನನ್ನ ಡಾಕ್ಟರ್ ನಾಲ್ಕು ಪುಟ ಬರೆದಿದ್ದರು. ಪ್ಯಾನೆಲ್ ಅದನ್ನು ಓದಿದ್ದೇವೆ ಅಂತ ಒಂದು ಸಾಲಿನಲ್ಲಿ ಮುಗಿಸಿತ್ತು. ಅಷ್ಟು ಸಾಕಂತೆ.

ಸಂಘದ ಹಳಬ

ತಂಗಿ, ಅಲ್ಲಿ ಗೆದ್ದರೆ ಕೋರ್ಟೇ ದುಡ್ಡು ಕೊಡಿಸುತ್ತಾ?

ಯಾರಾ ದಂಡೆ

ಇಲ್ಲ ಅಣ್ಣ, ಅದೇ ತಮಾಷೆ. ಗೆದ್ದರೆ ಹಳೇ ಅಭಿಪ್ರಾಯ ರದ್ದಾಗುತ್ತೆ. ಸಾಮಾನ್ಯವಾಗಿ ಬೇರೆ ಡಾಕ್ಟರುಗಳ ಹೊಸ ಪ್ಯಾನೆಲ್‌ಗೆ ಕಳಿಸ್ತಾರೆ. ಅವರೂ ಅದನ್ನೇ ಹೇಳಬಹುದು, ಈ ಸಲ ಸರಿಯಾದ ಕಾರಣ ಬರೆದು. ಸೋತರೆ ಎದುರಿನವರ ವಕೀಲರ ಖರ್ಚೂ ನಮ್ಮ ತಲೆ ಮೇಲೆ ಬರಬಹುದು. ನಾನು ಹಾಕಲಿಲ್ಲ. ನನ್ನ ವಕೀಲರು ಕಾರಣಗಳ ಕಾಗದ ಓದಿ, 'ನಿಮಗೆ ಅನ್ಯಾಯ ಆಗಿರಬಹುದು, ಆದರೆ ಕಾನೂನಿನ ತಪ್ಪು ಕಾಣ್ತಿಲ್ಲ' ಅಂದರು. ಆ ಮಾತು ಅರಗಿಸಿಕೊಳ್ಳೋಕೆ ಬಹಳ ದಿನ ಬೇಕಾಯಿತು.

ಈಗ ಇನ್ನೂ ಬಿಗಿ ಆಗಿದೆ. 2024ರ ಮಾರ್ಚ್ 31ರಿಂದ, 130 ವಾರ ದಾಟಿ ವಾರದ ದುಡ್ಡು ಬರಬೇಕಾದರೆ ದುಡಿಯೋ ಶಕ್ತಿ ಇಲ್ಲ ಅಂತಷ್ಟೇ ಸಾಲದು, ಇಡೀ ದೇಹದ ಊನ 20 ಪರ್ಸೆಂಟ್‌ಗಿಂತ ಜಾಸ್ತಿ ಇರಬೇಕು. ಒಂದು ಅಂಕಿಯ ಆಚೆ ಈಚೆ ಬದುಕು ನಿಂತಿದೆ. ಆ ಅಂಕಿ ಹಾಕುವವರ ಮಾತೇ ಕೊನೆ.

ಸುಮ್ನೆ ಓದುಗ

ಆದರೂ ವಿಂಗ್‌ಫುಟ್ ತೀರ್ಪಿನಲ್ಲಿ ಅರ್ಥ ಇದೆ ಅನಿಸುತ್ತೆ. ಪ್ರತಿ ಪ್ಯಾನೆಲ್ ಜಡ್ಜ್ ತರಹ ಐವತ್ತು ಪುಟ ಬರೀಬೇಕು ಅಂದರೆ ಕೇಸುಗಳು ಯಾವಾಗ ಮುಗೀತವೆ? ಎರಡು ಕಡೆಯವರೂ ತಮ್ಮ ತಮ್ಮ ಡಾಕ್ಟರನ್ನು ಬಾಡಿಗೆಗೆ ತಂದು ವರ್ಷಗಟ್ಟಲೆ ಎಳೆಯೋದು ತಪ್ಪಲಿ ಅಂತಲೇ ಪ್ಯಾನೆಲ್ ಮಾಡಿದ್ದಲ್ವಾ?

ಕೋರ್ಟ್ ಹಾಲ್ ಐದು

ಹೌದು, ಬೇಗ ಮುಗೀಲಿ ಅನ್ನೋ ಉದ್ದೇಶ ಒಳ್ಳೇದೇ. ಆದರೆ ಬೇಗ ಮುಗಿಸುವ ಹಕ್ಕು ಕೊಟ್ಟ ಮೇಲೆ ಕಾರಣ ಬರೆಯುವ ಹೊರೆ ಇರಲೇಬೇಕು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಅಪೀಲು ಇಲ್ಲದ ಕಡೆ ಅದು ಇನ್ನೂ ಜಾಸ್ತಿ ಇರಬೇಕು. ಕಾರಣವೇ ಇಲ್ಲದಿದ್ದರೆ ರಿವ್ಯೂ ಮಾಡೋಕೆ ಏನಿರುತ್ತೆ? ನಮ್ಮಲ್ಲಿ 2010ರ ಕ್ರಾಂತಿ ಅಸೋಸಿಯೇಟ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಜನರ ಹಕ್ಕಿನ ಮೇಲೆ ತೀರ್ಮಾನ ಮಾಡುವವರು ಕಾರಣ ಬರೆಯಬೇಕು, ಅದು ರಬ್ಬರ್ ಸ್ಟಾಂಪ್ ಕಾರಣ ಆಗಿರಬಾರದು. ಒಂದು ಸಾಲಿನ ಬೋರ್ಡ್ ಕಾಗದ ಆ ಅಳತೆಗೆ ನಿಲ್ಲಲ್ಲ. ಮೆಲ್ಬರ್ನಿನ ಅಳತೆಗೂ ನಿಲ್ಲಲ್ಲ ಬಿಡಿ, ಅಲ್ಲಿ ಕನಿಷ್ಠ ದಾರಿ ತೋರಿಸಬೇಕು.

ಕ್ಯಾಲ್ಕುಲೇಟರ್

ಯಾಕಪ್ಪಾ ಇಷ್ಟು ಕಷ್ಟ? ಇಎಸ್‌ಐ ಬಿಟ್ಟು 1923ರ ಕಾಯ್ದೆಯಲ್ಲಿ ಮಾಲೀಕರ ಮೇಲೆ ಹಾಕಿ. ಅಲ್ಲಿ ಬೋರ್ಡೇ ಇಲ್ಲ, ಯಾವ ಅರ್ಹ ಡಾಕ್ಟರಾದರೂ ಸಾಕ್ಷಿ ಹೇಳಬಹುದು. ಲೆಕ್ಕ ನೋಡಿ: ಸಂಬಳದ ಮಿತಿ 15,000, ಅದರ 60 ಪರ್ಸೆಂಟ್ 9,000. ವಯಸ್ಸು 35ಕ್ಕೆ ಗುಣಕ 197.06. ಒಟ್ಟು 17,73,540. ಅದರಲ್ಲಿ 20 ಪರ್ಸೆಂಟ್ ಅಂದರೆ 3,54,708 ರೂಪಾಯಿ. ಮೇಲೆ 12 ಪರ್ಸೆಂಟ್ ಬಡ್ಡಿ. ಒಂದೇ ಸಲ ಕೈಗೆ.

ಕೋರ್ಟ್ ಹಾಲ್ ಐದು

ಲೆಕ್ಕ ಸರಿ, ದಾರಿ ಮುಚ್ಚಿದೆ. ಇಎಸ್‌ಐ ಇದ್ದವರು ಅದೇ ಗಾಯಕ್ಕೆ ಆ ಕಾಯ್ದೆಯಲ್ಲಿ ಪರಿಹಾರ ಕೇಳೋ ಹಾಗಿಲ್ಲ. ಸೆಕ್ಷನ್ 53. ಸುಪ್ರೀಂ ಕೋರ್ಟ್ 1996ರಲ್ಲೇ, ಎ. ಟ್ರೆಹಾನ್ ಕೇಸಿನಲ್ಲಿ, ಇದನ್ನು ತೀರ್ಮಾನ ಮಾಡಿದೆ.

ಮತ್ತೆ ನಿಮ್ಮ ಲೆಕ್ಕವನ್ನೇ ಮುಂದುವರಿಸಿ. ಭಾವನ ದಿನದ ಸರಾಸರಿ ಕೂಲಿ 600 ಅಂದುಕೊಳ್ಳಿ. ಇಎಸ್‌ಐನಲ್ಲಿ ಪೂರ್ತಿ ದರ ಅದರ 90 ಪರ್ಸೆಂಟ್, ಅಂದರೆ 540. ಅದರಲ್ಲಿ 20 ಪರ್ಸೆಂಟ್, ದಿನಕ್ಕೆ 108. ವರ್ಷಕ್ಕೆ 39,420. ಒಂಬತ್ತು ವರ್ಷಕ್ಕೆ 3,54,780, ನಿಮ್ಮ ಮೊತ್ತಕ್ಕಿಂತ 72 ರೂಪಾಯಿ ಜಾಸ್ತಿ. ಇದು ಜೀವ ಇರೋವರೆಗೆ ಬರುತ್ತೆ, ಕೆಲಸ ಮಾಡ್ತಿದ್ದರೂ ಬರುತ್ತೆ, ಬೆಲೆ ಏರಿದಂತೆ ಆಗಾಗ ಏರಿಸ್ತಾರೆ ಕೂಡ. ಪರ್ಸೆಂಟ್ 30 ಆದರೆ ದಿನಕ್ಕೆ 162. ಆ 54 ರೂಪಾಯಿಗೇ ಈ ಜಗಳ. ದಿನದ ಲೆಕ್ಕದಲ್ಲಿ ಸಣ್ಣದು, ಜೀವನದ ಲೆಕ್ಕದಲ್ಲಿ ಅಲ್ಲ.

ಸಂಘದ ಹಳಬ

ಮೂರು ವಿಷಯ ಹೇಳಿ ಹೋಗ್ತೀನಿ, ಕಣ್ಣು ಮಂಜು, ಟೈಪ್ ಮಾಡೋದು ಕಷ್ಟ.

ಇಎಸ್‌ಐನಿಂದ ಬರುವ ಈ ಪಿಂಚಣಿ ಸಣ್ಣದಾಗಿದ್ದರೆ ಒಟ್ಟು ಮೊತ್ತ ಒಮ್ಮೆಲೇ ತಗೊಳ್ಳಿ ಅಂತ ಒಂದು ಅವಕಾಶ ಇದೆ. ಅದನ್ನು ತಗೊಂಡುಬಿಟ್ಟರೆ ಅಪೀಲು ಹಕ್ಕು ಹೋಗುತ್ತೆ. 54ಎನಲ್ಲೇ ಇದೆ. ಎಷ್ಟೋ ಜನ ಮನೆ ಸಾಲ, ಮಗಳ ಮದುವೆ ಅಂತ ಸೈನ್ ಹಾಕಿ ಆಮೇಲೆ ನನ್ನ ಹತ್ತಿರ ಬರ್ತಾರೆ. ಆಗ ನಾನೇನು ಮಾಡಲಿ? ಅಪೀಲು ಮುಗಿಯೋವರೆಗೂ ಯಾವ ಫಾರಂಗೂ ಸೈನ್ ಬೇಡ.

ಬೋರ್ಡ್ ಕಾಗದದಲ್ಲಿ ತಾತ್ಕಾಲಿಕ ಅಂತ ಇದೆಯಾ, ಅಂತಿಮ ಅಂತ ಇದೆಯಾ ನೋಡು ತಮ್ಮಾ. ತಾತ್ಕಾಲಿಕ ಆದರೆ ಅವರೇ ಮತ್ತೆ ಕರೀಬೇಕು.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದರೆ, ನೋಂದಣಿ ಆದ ಯೂನಿಯನ್ನಿನ ಪದಾಧಿಕಾರಿ ಇಎಸ್‌ಐ ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲಬಹುದು. ಸೆಕ್ಷನ್ 79. ಲಿಖಿತ ಒಪ್ಪಿಗೆ ಕೊಡಬೇಕು ಅಷ್ಟೇ. ನಾನೇ ನಿಂತಿದ್ದೀನಿ. (ಐದು ನಂಬರ್ ಹಾಲಿನವರು ಬೇಜಾರು ಮಾಡ್ಕೋಬಾರದು.)

ಕೋರ್ಟ್ ಹಾಲ್ ಐದು

ಬೇಜಾರು ಯಾಕೆ ಯಜಮಾನ್ರೇ, ಕೆಲವು ಯೂನಿಯನ್ ಮುಖಂಡರ ಪಾಟೀಸವಾಲು ನೋಡಿ ನಾವೇ ಕಲ್ತಿದ್ದೀವಿ.

ಲೇತ್ ಮನೆ

ಎಲ್ಲರಿಗೂ ಥ್ಯಾಂಕ್ಸ್. ಕಾಗದ ಮತ್ತೆ ನೋಡಿದೆ. ಅಂತಿಮ ಅಂತಲೇ ಇದೆ. ಯಾವ ಫಾರಂಗೂ ಸೈನ್ ಮಾಡಿಲ್ಲ.

ಒಂದು ಗೊಂದಲ. ಭಾವನಿಗೆ ಅಂಗವಿಕಲರ ಯುಡಿಐಡಿ ಕಾರ್ಡ್ ಇದೆ. ಅದರಲ್ಲಿ 35 ಪರ್ಸೆಂಟ್ ಅಂತ ಇದೆ. ಅದನ್ನೇ ಕೋರ್ಟಿಗೆ ಕೊಟ್ಟರೆ ಆಗಲ್ವಾ?

ಮೂಳೆ ಡಾಕ್ಟರ್

ಕೊಡಿ, ಆದರೆ ಅದರ ಮೇಲೆ ಕೇಸು ಕಟ್ಟಬೇಡಿ. ಅದು 2016ರ ಅಂಗವಿಕಲರ ಹಕ್ಕು ಕಾಯ್ದೆಗೆ ಕೊಟ್ಟ ಅಳತೆ, ಬೇರೆ ಉದ್ದೇಶಕ್ಕೆ. ಗಳಿಕೆ ಶಕ್ತಿ ಬೇರೆ. 2011ರಲ್ಲಿ ವರದಿಯಾದ ರಾಜ್‌ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಚೆನ್ನಾಗಿ ಬಿಡಿಸಿದೆ. ಅದು ವಾಹನ ಅಪಘಾತದ ಕೇಸು, ಆದರೂ ಮಾತು ಇಲ್ಲಿಗೂ ಒಪ್ಪುತ್ತೆ. ಎಡಗೈ ಹೋದರೆ ಬಡಗಿಗೋ ಡ್ರೈವರಿಗೋ ಹೆಚ್ಚುಕಡಿಮೆ ಪೂರ್ತಿ ದುಡಿಮೆ ಹೋದ ಹಾಗೆ, ಗುಮಾಸ್ತನಿಗೆ ಹಾಗಲ್ಲ. ಊನ ಒಂದೇ, ನಷ್ಟ ಬೇರೆ ಬೇರೆ.

ಕೋರ್ಟ್ ಹಾಲ್ ಐದು

ಇದಕ್ಕೂ ಹಳೇ ಕೇಸು 1976ರ ಪ್ರತಾಪ್ ನಾರಾಯಣ್ ಸಿಂಗ್ ದೇವ್. 1923ರ ಕಾಯ್ದೆಯದ್ದು. ಬಡಗಿಯೊಬ್ಬರ ಎಡಗೈ ಮೊಣಕೈ ಮೇಲಿಂದ ಹೋಗಿತ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ ಅಂತ ಪೂರ್ತಿ ಊನ ಅಂದಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎರಡು ಕಾಯ್ದೆಯೂ ಒಂದೇ ಅಲ್ಲ, ನಿಮ್ಮ ಭಾವನಿಗೂ 100 ಬರುತ್ತೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಆದರೆ ಕೆಲಸ ಏನು ಅನ್ನೋದನ್ನು ಕೋರ್ಟಿನ ಮುಂದೆ ಇಡಲೇಬೇಕು.

ಲೇತ್ ಮನೆ

ಸರಿ ಸರ್. ಹಾಗಾದರೆ ಉಂಗುರ ಬೆರಳು ಮಡಚಲ್ಲ ಅನ್ನೋದಕ್ಕೆ ಏನು ಪುರಾವೆ ಬೇಕು? ಎಕ್ಸ್‌ರೇ ಇದೆ.

ಮೂಳೆ ಡಾಕ್ಟರ್

ಎಕ್ಸ್‌ರೇ ಮೂಳೆ ತೋರಿಸುತ್ತೆ, ಮಡಚೋದು ತೋರಿಸಲ್ಲ. ಗೋನಿಯೋಮೀಟರ್ (ಕೋನ ಅಳೆಯುವ ಸಾಧನ) ಇಟ್ಟು ಮೂರೂ ಗೆಣ್ಣು ಎಷ್ಟೆಷ್ಟು ಡಿಗ್ರಿ ಮಡಚುತ್ತೆ ಅಂತ ಬರೆಸಿ. ತಾನಾಗಿ ಮಡಚಿದಾಗ ಎಷ್ಟು, ಡಾಕ್ಟರ್ ಹಿಡಿದು ಮಡಚಿದಾಗ ಎಷ್ಟು, ಎರಡೂ ಬೇಕು. ಹಿಡಿತದ ಬಲ ಅಳೆಯುವ ಮೀಟರ್ ಇರುತ್ತೆ, ಎರಡೂ ಕೈ ಅಳೆಸಿ. ಆಪರೇಷನ್ ನೋಟ್ಸ್ ಮತ್ತು ಕೇಸ್ ಶೀಟ್ ಆಸ್ಪತ್ರೆಯಿಂದ ತಗೊಳ್ಳಿ, ನರ ಅಥವಾ ಸ್ನಾಯುರಜ್ಜು ಹರಿದಿದ್ದು ಅದರಲ್ಲಿ ಇರುತ್ತೆ. ಮತ್ತೆ ಕಾರ್ಖಾನೆಯಿಂದ ಅಪಘಾತಕ್ಕೆ ಮೊದಲು ಏನು ಕೆಲಸ, ಈಗ ಏನು ಕೆಲಸ ಅಂತ ಒಂದು ಪತ್ರ. ನಾನು ಕೂತ ಬೋರ್ಡಿಗೆ ಆ ಪತ್ರ ತಂದವರು ಅಪರೂಪ.

ಕೋರ್ಟ್ ಹಾಲ್ ಐದು

ಅಳತೆ ಬರೆದುಕೊಟ್ಟ ಡಾಕ್ಟರ ಹೆಸರು, ರಿಜಿಸ್ಟ್ರೇಷನ್ ನಂಬರ್, ತಾರೀಖು ಇರಲಿ. ಅವರು ಕೋರ್ಟಿಗೆ ಬಂದು ಸಾಕ್ಷಿ ಹೇಳ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಬರಲ್ಲ ಅಂದರೆ ಬೇರೆಯವರ ಹತ್ತಿರ ಅಳೆಸಿ. ಕಾರ್ಖಾನೆಯವರು ಪತ್ರ ಕೊಡದಿದ್ದರೆ ಹಳೇ ಸಂಬಳದ ಚೀಟಿ, ಅದರಲ್ಲಿ ಓವರ್‌ಟೈಮ್ ಕಾಲಂ ಇರುತ್ತೆ, ಅದನ್ನು ಜೋಡಿಸಿ. ಸೋಮವಾರ ಬೋರ್ಡ್ ನಡಾವಳಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಸ್ವೀಕೃತಿ ಮೊಹರು ಮರೀಬೇಡಿ.